ಹಾರಾಟಕ್ಕೆ ಮುನ್ನ ಕಾಣುವ ತಾಂತ್ರಿಕ ದೋಷ: ವಿಮಾನ ಸಿಬ್ಬಂದಿಯ ತೀರ್ಮಾನ

ಪ್ರಯಾಣಿಕ ವಿಮಾನ ಹೊರಡುವ ಮೊದಲು ಅದರ ಯಾವುದಾದರೂ ಉಪಕರಣ ಕೆಟ್ಟಿರುವುದು ತಿಳಿದಾಗ, ದುರಸ್ತಿ ಮಾಡಿಯೇ ಹಾರಬೇಕೆ, ಷರತ್ತುಗಳಿಗೆ ಒಳಪಟ್ಟು ಹಾಗೆಯೇ ಹಾರಬಹುದೆ, ಇಲ್ಲವೆ ಆ ವಿಮಾನವನ್ನು ನಿಲ್ಲಿಸಿಬಿಡಬೇಕೆ ಎಂದು ಸಿಬ್ಬಂದಿ ಕೈಗೊಳ್ಳುವ ತೀರ್ಮಾನ. ವಿಮಾನಯಾನದ ಸುರಕ್ಷತೆಯಲ್ಲಿ ಇದು ಪ್ರತಿದಿನ, ಪ್ರತಿ ನಿಲ್ದಾಣದಲ್ಲಿ ನಡೆಯುವ ಕೆಲಸ. ಆಧುನಿಕ ವಿಮಾನದಲ್ಲಿ ಲಕ್ಷಾಂತರ ಬಿಡಿಭಾಗಗಳಿರುತ್ತವೆ. ಓದುವ ದೀಪದಿಂದ ಹಿಡಿದು ಎಂಜಿನ್ನಿನ ನಿಯಂತ್ರಣ ಗಣಕದವರೆಗೆ ಎಲ್ಲವೂ ಎಲ್ಲ ಹೊತ್ತಿನಲ್ಲೂ ಸರಿಯಾಗಿರಬೇಕೆಂದು ಹಟ ಹಿಡಿದರೆ ವಿಮಾನಸೇವೆಯೇ ನಡೆಯದು. ಯಾವುದು ಕೆಟ್ಟರೂ ಪರವಾಗಿಲ್ಲವೆಂದು ಬಿಟ್ಟರೆ ಪ್ರಾಣಹಾನಿ ತಪ್ಪದು. ಈ ಎರಡರ ನಡುವೆ ಗೆರೆ ಎಳೆಯಲು ಅಂತರರಾಷ್ಟ್ರೀಯ ನಿಯಮಗಳು, ತಯಾರಕರ ಲೆಕ್ಕಾಚಾರ, ವಿಮಾನಸಂಸ್ಥೆಯ ಕೈಪಿಡಿ, ಎಂಜಿನಿಯರುಗಳ ಸಹಿ ಇವೆಲ್ಲ ಇವೆ. ಆದರೂ ಕೊನೆಯ ಮಾತು ಕ್ಯಾಪ್ಟನ್ನಿನದು. ಕೈಪಿಡಿ ಹೇಳುವುದು ಏನನ್ನು ಮಾಡಬಹುದು ಎಂಬುದನ್ನು ಮಾತ್ರ. ಇಂದಿನ ಹವೆ, ಈ ರನ್‌ವೇ, ಈ ವಿಮಾನದ ಉಳಿದ ದೋಷಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದಾಗ ಹಾಗೆ ಮಾಡುವುದು ಸರಿಯೆ ಎಂಬುದನ್ನು ಕಾಕ್‌ಪಿಟ್‌ನಲ್ಲಿ ಕುಳಿತವರೇ ಹೇಳಬೇಕು.

ಹಿನ್ನೆಲೆ

ವಿಮಾನಯಾನದ ಮೊದಲ ದಶಕಗಳಲ್ಲಿ ಹೊರಡುವ ಮುನ್ನ ಏನೇನು ನೋಡಬೇಕೆಂಬುದು ಪೈಲಟ್‌ನ ನೆನಪಿಗೂ ಅನುಭವಕ್ಕೂ ಬಿಟ್ಟ ವಿಷಯವಾಗಿತ್ತು. 1935ರ ಅಕ್ಟೋಬರ್ 30ರಂದು ಅಮೆರಿಕದ ಓಹಾಯೋ ರಾಜ್ಯದ ರೈಟ್ ಫೀಲ್ಡ್‌ನಲ್ಲಿ ಬೋಯಿಂಗ್ ಕಂಪನಿಯ ಮಾಡೆಲ್ 299 ಬಾಂಬರ್ ವಿಮಾನ ಮೇಲೇರಿದ ಕೂಡಲೇ ಬಿದ್ದು ಇಬ್ಬರು ಸತ್ತರು. ಯಂತ್ರದಲ್ಲಿ ಯಾವ ದೋಷವೂ ಇರಲಿಲ್ಲ. ನಿಂತಿರುವಾಗ ಗಾಳಿಗೆ ಬಡಿದಾಡದಂತೆ ನಿಯಂತ್ರಣ ಫಲಕಗಳಿಗೆ ಹಾಕಿದ್ದ ಬೀಗವನ್ನು ತೆಗೆಯುವುದನ್ನು ಅನುಭವಿ ಪೈಲಟ್‌ಗಳೇ ಮರೆತಿದ್ದರು. ಲಿಖಿತ ತಪಾಸಣಾ ಪಟ್ಟಿ, ಅಂದರೆ ಚೆಕ್‌ಲಿಸ್ಟ್, ಹಾರಾಟದ ಅವಿಭಾಜ್ಯ ಅಂಗವಾಗಿ ಬೆಳೆದದ್ದು ಈ ಅಪಘಾತದ ನಂತರ.

ಎರಡನೆಯ ಮಹಾಯುದ್ಧದ ಬಳಿಕ ವಿಮಾನಗಳು ದೊಡ್ಡದಾದವು, ಜಟಿಲವೂ ಆದವು. ಒಂದೇ ಕೆಲಸಕ್ಕೆ ಎರಡು ಮೂರು ವ್ಯವಸ್ಥೆಗಳನ್ನು ಅಳವಡಿಸುವ ಪದ್ಧತಿ ಬಂತು. ಒಂದು ಜನರೇಟರ್ ನಿಂತರೆ ಇನ್ನೊಂದು, ಒಂದು ಹೈಡ್ರಾಲಿಕ್ ವ್ಯವಸ್ಥೆ ಸೋತರೆ ಮತ್ತೊಂದು ಕೆಲಸ ಮಾಡುತ್ತದೆ. ಹೀಗೆ ಮೀಸಲು ಇರುವುದರಿಂದಲೇ ಕೆಲವು ಉಪಕರಣ ಕೆಟ್ಟಿದ್ದರೂ ಅಗತ್ಯವಾದ ಸುರಕ್ಷತಾ ಮಟ್ಟವನ್ನು ಉಳಿಸಿಕೊಳ್ಳಬಹುದು ಎಂಬ ತತ್ತ್ವ ಮಾನ್ಯವಾಯಿತು. 1944ರ ಷಿಕಾಗೊ ಒಪ್ಪಂದದಿಂದ ಹುಟ್ಟಿದ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ತನ್ನ ಆರನೆಯ ಅನುಬಂಧದಲ್ಲಿ ಇದಕ್ಕೆ ನಿಯಮದ ರೂಪ ಕೊಟ್ಟಿದೆ. ಯಾವುದಾದರೂ ಉಪಕರಣ ಕೆಟ್ಟಾಗ ಹಾರಾಟ ಆರಂಭಿಸಬಹುದೆ, ನಡುವಿನ ನಿಲ್ದಾಣದಿಂದ ಮುಂದುವರಿಸಬಹುದೆ ಎಂದು ಕ್ಯಾಪ್ಟನ್ ತೀರ್ಮಾನಿಸಲು ನೆರವಾಗುವ ಪಟ್ಟಿಯೊಂದು ಪ್ರತಿ ವಿಮಾನಸಂಸ್ಥೆಯ ಕಾರ್ಯಾಚರಣೆ ಕೈಪಿಡಿಯಲ್ಲಿ ಇರಬೇಕು, ಅದಕ್ಕೆ ಆ ದೇಶದ ನಿಯಂತ್ರಕರ ಒಪ್ಪಿಗೆ ಇರಬೇಕು ಎನ್ನುತ್ತದೆ ಈ ಅನುಬಂಧ.

ಕನಿಷ್ಠ ಉಪಕರಣ ಪಟ್ಟಿ

ಈ ಪಟ್ಟಿಯನ್ನು ವೃತ್ತಿಯಲ್ಲಿರುವವರು ಎಂಇಎಲ್ ಎಂದೇ ಕರೆಯುತ್ತಾರೆ. ಇದರ ಮೂಲಪಟ್ಟಿಯನ್ನು ವಿಮಾನ ತಯಾರಕರು ಸಿದ್ಧಪಡಿಸುತ್ತಾರೆ. ಒಂದು ಭಾಗ ಕೆಟ್ಟ ಮೇಲೆ ಹಾರುವಾಗ ಅದರ ಜೊತೆಯ ಭಾಗವೂ ಕೆಟ್ಟರೆ ಏನಾಗುತ್ತದೆ, ಪೈಲಟ್‌ಗಳ ಮೇಲೆ ಎಷ್ಟು ಹೊರೆ ಬೀಳುತ್ತದೆ ಎಂಬುದನ್ನೆಲ್ಲ ವಿಶ್ಲೇಷಿಸಿ ಬರೆದ ಮೂಲಪಟ್ಟಿಯನ್ನು ಅಮೆರಿಕದ ಎಫ್‌ಎಎ, ಯುರೋಪಿನ ಇಎಎಸ್‌ಎ ಮುಂತಾದ ಪ್ರಾಧಿಕಾರಗಳು ಅನುಮೋದಿಸುತ್ತವೆ. ಅದನ್ನು ಆಧಾರವಾಗಿಟ್ಟುಕೊಂಡು ಪ್ರತಿ ವಿಮಾನಸಂಸ್ಥೆಯೂ ತನ್ನ ವಿಮಾನಗಳಿಗೂ ತನ್ನ ಮಾರ್ಗಗಳಿಗೂ ಹೊಂದುವಂತೆ ಸ್ವಂತ ಪಟ್ಟಿ ಮಾಡಿಕೊಳ್ಳುತ್ತದೆ. ಅದು ಮೂಲಪಟ್ಟಿಗಿಂತ ಬಿಗಿಯಾಗಿರಬಹುದು, ಎಂದೂ ಸಡಿಲವಾಗಿರುವಂತಿಲ್ಲ.

ಪಟ್ಟಿಯ ಒಂದೊಂದು ನಮೂದೂ ನಾಲ್ಕು ಸಂಗತಿ ಹೇಳುತ್ತದೆ. ಆ ಬಗೆಯ ಉಪಕರಣ ವಿಮಾನದಲ್ಲಿ ಎಷ್ಟಿದೆ, ಹೊರಡಲು ಅದರಲ್ಲಿ ಎಷ್ಟು ಕೆಲಸ ಮಾಡುತ್ತಿರಬೇಕು, ದುರಸ್ತಿಗೆ ಎಷ್ಟು ಗಡುವು, ಅಲ್ಲಿಯವರೆಗೆ ಯಾವ ಷರತ್ತು. ಗಡುವುಗಳಲ್ಲಿ ನಾಲ್ಕು ವರ್ಗಗಳಿವೆ. 'ಎ' ವರ್ಗಕ್ಕೆ ಆಯಾ ನಮೂದಿನಲ್ಲೇ ಪ್ರತ್ಯೇಕ ಗಡುವು ಬರೆದಿರುತ್ತದೆ. 'ಬಿ' ವರ್ಗಕ್ಕೆ 3 ದಿನ, 'ಸಿ' ವರ್ಗಕ್ಕೆ 10 ದಿನ, 'ಡಿ' ವರ್ಗಕ್ಕೆ 120 ದಿನ. ದೋಷ ಕಂಡ ದಿನವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಷರತ್ತುಗಳಲ್ಲಿ ಎರಡು ಬಗೆ. ಕವಾಟವನ್ನು ಮುಚ್ಚಿ ಭದ್ರಪಡಿಸುವುದು, ವಿದ್ಯುತ್ ಸಂಪರ್ಕ ತಪ್ಪಿಸುವುದು ಮುಂತಾದವು ಎಂಜಿನಿಯರ್ ಮಾಡಬೇಕಾದ ಕೆಲಸಗಳು. ಕಡಿಮೆ ಎತ್ತರದಲ್ಲಿ ಹಾರುವುದು, ಹೆಚ್ಚು ಇಂಧನ ತುಂಬಿಸಿಕೊಳ್ಳುವುದು, ರನ್‌ವೇಯ ಲೆಕ್ಕವನ್ನು ಹೊಸದಾಗಿ ಮಾಡುವುದು ಪೈಲಟ್‌ಗಳ ಪಾಲಿನವು. ಕೆಟ್ಟ ಉಪಕರಣದ ಗುಂಡಿ ಅಥವಾ ಸೂಚಕದ ಪಕ್ಕದಲ್ಲಿ ಅದು ಕೆಲಸ ಮಾಡುವುದಿಲ್ಲವೆಂದು ತಿಳಿಸುವ ಚೀಟಿ ಅಂಟಿಸಬೇಕು.

ಕೆಲವು ಉದಾಹರಣೆಗಳಿಂದ ಈ ವ್ಯವಸ್ಥೆಯ ಸ್ವರೂಪ ಸ್ಪಷ್ಟವಾಗುತ್ತದೆ. ಕ್ಯಾಬಿನ್ನಿಗೆ ಗಾಳಿ ಒದಗಿಸುವ ಎರಡು ಘಟಕಗಳಲ್ಲಿ ಒಂದು ಕೆಟ್ಟರೆ ಹಾರಬಹುದು, ಆದರೆ ಎತ್ತರಕ್ಕೆ ಮಿತಿ ಬೀಳುತ್ತದೆ. ಕೆಳಗೆ ಹಾರಿದಷ್ಟೂ ಇಂಧನ ಹೆಚ್ಚು ಸುಡುತ್ತದೆ. ಹವಾಮಾನ ರೇಡಾರ್ ಕೆಟ್ಟಿದ್ದರೆ ದಾರಿಯಲ್ಲಿ ಗುಡುಗು ಮೋಡಗಳ ಮುನ್ಸೂಚನೆ ಇರಕೂಡದು. ತುರ್ತು ಬಾಗಿಲೊಂದರ ಜಾರುಬಂಡಿ ಕೆಟ್ಟಿದ್ದರೆ ಆ ಬಾಗಿಲಿನ ಸುತ್ತಲ ಆಸನಗಳನ್ನು ಖಾಲಿ ಬಿಟ್ಟು ಪ್ರಯಾಣಿಕರ ಸಂಖ್ಯೆಯನ್ನು ಇಳಿಸಬೇಕಾಗುತ್ತದೆ. ಬಾಲದಲ್ಲಿರುವ ಸಹಾಯಕ ಎಂಜಿನ್ ಎಪಿಯು ಕೆಟ್ಟಿದ್ದರೆ ಮುಖ್ಯ ಎಂಜಿನ್‌ಗಳನ್ನು ಚಾಲೂ ಮಾಡಲು ಬೇಕಾದ ಗಾಳಿ ಮತ್ತು ವಿದ್ಯುತ್ತನ್ನು ನೆಲದ ಯಂತ್ರಗಳಿಂದ ಪಡೆಯಬೇಕು.

ಪಟ್ಟಿಯಲ್ಲಿ ಹೆಸರಿಲ್ಲದ ವಸ್ತುಗಳ ವಿಷಯದಲ್ಲಿ ಒಂದು ಮುಖ್ಯ ನಿಯಮವಿದೆ. ರೆಕ್ಕೆ, ಚುಕ್ಕಾಣಿ, ಎಂಜಿನ್ ಮುಂತಾಗಿ ಹಾರಾಟಯೋಗ್ಯತೆಗೆ ಸಂಬಂಧಿಸಿದ ಯಾವುದೇ ಭಾಗ ಪಟ್ಟಿಯಲ್ಲಿ ಇಲ್ಲದಿದ್ದರೆ ಅದು ಸರಿಯಾಗಿರಲೇಬೇಕು. ಹೊರಮೈಯ ಸಣ್ಣ ಮುಚ್ಚಳ, ಸೀಲು ಇಂಥವು ಕಳಚಿಹೋಗಿದ್ದರೆ ಅದಕ್ಕೆ ಸಿಡಿಎಲ್ ಎಂಬ ಬೇರೊಂದು ಪಟ್ಟಿ ಇದೆ. ಅದರಿಂದ ಹೆಚ್ಚುವ ಗಾಳಿಯ ಪ್ರತಿರೋಧಕ್ಕೆ ತಕ್ಕಂತೆ ತೂಕವನ್ನು ಇಳಿಸುವ ಅಥವಾ ಇಂಧನವನ್ನು ಏರಿಸುವ ಲೆಕ್ಕ ಅದರಲ್ಲಿರುತ್ತದೆ.

ದೋಷ ಗೊತ್ತಾಗುವ ಬಗೆ

ಸಿಬ್ಬಂದಿ ವಿಮಾನಕ್ಕೆ ಬಂದ ಕೂಡಲೇ ಕ್ಯಾಪ್ಟನ್ ತಾಂತ್ರಿಕ ದಾಖಲೆ ಪುಸ್ತಕವನ್ನು, ಅಂದರೆ ಟೆಕ್ ಲಾಗ್ ಅನ್ನು, ತೆರೆಯುತ್ತಾರೆ. ಹಿಂದಿನ ಹಾರಾಟಗಳಲ್ಲಿ ಬರೆದ ದೋಷಗಳು, ಅವುಗಳಿಗೆ ಮಾಡಿದ ದುರಸ್ತಿ, ಮುಂದೂಡಿದ ಕೆಲಸಗಳು ಮತ್ತು ಗಡುವುಗಳು ಅದರಲ್ಲಿರುತ್ತವೆ. ಇಬ್ಬರು ಪೈಲಟ್‌ಗಳಲ್ಲಿ ಒಬ್ಬರು ಕೆಳಗಿಳಿದು ವಿಮಾನವನ್ನು ಒಂದು ಸುತ್ತು ಬರುತ್ತಾರೆ. ಟೈರುಗಳ ಸವೆತ, ಬ್ರೇಕ್ ಎಷ್ಟು ಉಳಿದಿದೆ ಎಂದು ತೋರಿಸುವ ಪಿನ್ನು, ಎಂಜಿನ್ನಿನ ಬ್ಲೇಡುಗಳು, ವೇಗ ಮತ್ತು ಎತ್ತರ ಅಳೆಯುವ ನಳಿಕೆ ಹಾಗೂ ರಂಧ್ರಗಳು, ಎಣ್ಣೆ ಅಥವಾ ಇಂಧನದ ಸೋರಿಕೆ, ತೆರೆದುಕೊಂಡ ಮುಚ್ಚಳಗಳು ಇವನ್ನೆಲ್ಲ ಕಣ್ಣಾರೆ ನೋಡುವುದು ಈ ಸುತ್ತಿನ ಉದ್ದೇಶ. ಇತ್ತ ಕಾಕ್‌ಪಿಟ್ಟಿನಲ್ಲಿ ಏರ್‌ಬಸ್ ವಿಮಾನಗಳ ಇಕ್ಯಾಮ್, ಬೋಯಿಂಗ್ ವಿಮಾನಗಳ ಐಕಾಸ್ ಮುಂತಾದ ಪರದೆಗಳು ಎಚ್ಚರಿಕೆ ಮತ್ತು ಸ್ಥಿತಿ ಸಂದೇಶಗಳನ್ನು ತೋರಿಸುತ್ತವೆ. ಕ್ಯಾಬಿನ್ ಸಿಬ್ಬಂದಿ ತಮ್ಮ ಪಾಲಿನ ಬೆಂಕಿನಂದಕ, ಆಮ್ಲಜನಕದ ಸಿಲಿಂಡರ್, ಜಾರುಬಂಡಿಯ ಒತ್ತಡಮಾಪಕ, ಮೆಗಾಫೋನ್ ಇವನ್ನು ಪರೀಕ್ಷಿಸಿ ಕೊರತೆ ಇದ್ದರೆ ಕ್ಯಾಪ್ಟನ್ನಿಗೆ ತಿಳಿಸುತ್ತಾರೆ.

ಈ ತಪಾಸಣೆಗೂ ಮಿತಿಗಳಿವೆ. 1996ರ ಅಕ್ಟೋಬರ್ 2ರಂದು ಪೆರುವಿನ ಲಿಮಾದಿಂದ ಹೊರಟ ಏರೋಪೆರು 603 ವಿಮಾನ ಸಮುದ್ರಕ್ಕೆ ಬಿದ್ದು 70 ಮಂದಿ ಸತ್ತರು. ವಿಮಾನವನ್ನು ತೊಳೆಯುವಾಗ ಒತ್ತಡ ಅಳೆಯುವ ರಂಧ್ರಗಳಿಗೆ ಅಂಟಿಸಿದ್ದ ಪಟ್ಟಿಯನ್ನು ತೆಗೆಯುವುದು ಮರೆತುಹೋಗಿತ್ತು. ಬೆಳ್ಳಿ ಬಣ್ಣದ ಮೈಮೇಲೆ ಬೆಳ್ಳಿ ಬಣ್ಣದ ಆ ಪಟ್ಟಿ ರಾತ್ರಿಯ ಹೊತ್ತು ಸುತ್ತು ಬಂದವರ ಕಣ್ಣಿಗೆ ಬೀಳಲಿಲ್ಲ. 2013ರ ಮೇ 24ರಂದು ಲಂಡನ್ನಿನ ಹೀಥ್ರೂದಿಂದ ಹೊರಟ ಬ್ರಿಟಿಷ್ ಏರ್‌ವೇಸ್‌ನ ಎ319 ವಿಮಾನದ ಎರಡೂ ಎಂಜಿನ್‌ಗಳ ಹೊದಿಕೆ ಬಾಗಿಲುಗಳು ಮೇಲೇರುತ್ತಲೇ ಕಿತ್ತುಹೋದವು. ರಾತ್ರಿ ದುರಸ್ತಿಯ ಬಳಿಕ ಅವುಗಳ ಚಿಲಕ ಹಾಕಿರಲಿಲ್ಲ, ಬೆಳಗಿನ ಸುತ್ತಿನಲ್ಲೂ ಅದು ಗಮನಕ್ಕೆ ಬಂದಿರಲಿಲ್ಲ. ವಿಮಾನ ಮರಳಿ ಇಳಿದು ಎಲ್ಲರೂ ಉಳಿದರು. 2017ರ ಮಾರ್ಚ್ 8ರಂದು ಅಮೆರಿಕದ ಮಿಷಿಗನ್ ರಾಜ್ಯದ ವಿಲೋ ರನ್‌ನಲ್ಲಿ ನಡೆದ ಘಟನೆ ಇನ್ನೊಂದು ಬಗೆಯದು. ಬಲವಾದ ಗಾಳಿಯಲ್ಲಿ ನಿಂತಿದ್ದ ಎಂಡಿ-83 ವಿಮಾನದ ಬಾಲದ ಎಲಿವೇಟರ್ ಫಲಕ ಸಿಕ್ಕಿಕೊಂಡಿತ್ತು. ಪೈಲಟ್‌ಗಳು ವಿಧಿಪ್ರಕಾರ ಮಾಡುವ ಯಾವ ತಪಾಸಣೆಯಲ್ಲೂ ಅದು ತಿಳಿಯುವಂತಿರಲಿಲ್ಲ. ಮೂತಿ ಮೇಲೇಳುತ್ತಿಲ್ಲವೆಂದು ಅರಿವಾದ ಕ್ಷಣದಲ್ಲೇ ಕ್ಯಾಪ್ಟನ್ ಟೇಕಾಫ್ ಕೈಬಿಟ್ಟರು. ವಿಮಾನ ರನ್‌ವೇ ದಾಟಿ ನುಗ್ಗಿದರೂ 116 ಜನರಲ್ಲಿ ಯಾರೂ ಸಾಯಲಿಲ್ಲ.

ಯಾರ ಪಾತ್ರ ಏನು

ದೋಷ ಕಂಡಾಗ ಪೈಲಟ್ ಅದನ್ನು ಟೆಕ್ ಲಾಗ್‌ನಲ್ಲಿ ಬರೆಯುತ್ತಾರೆ. ಭಾರತದ ವಿಮಾನ ನಿಲ್ದಾಣಗಳಲ್ಲಿ ಇಂಥ ದೋಷವನ್ನು ಸ್ನ್ಯಾಗ್ ಎನ್ನುವ ರೂಢಿ ಇದೆ. ಪರವಾನಗಿ ಪಡೆದ ನಿರ್ವಹಣಾ ಎಂಜಿನಿಯರ್ ಕಾರಣ ಹುಡುಕಿ ದುರಸ್ತಿ ಮಾಡುತ್ತಾರೆ, ಅಥವಾ ಪಟ್ಟಿಯ ಪ್ರಕಾರ ಮುಂದೂಡಿ, ಮಾಡಬೇಕಾದ ಕೆಲಸ ಮುಗಿಸಿ, ವಿಮಾನ ಸೇವೆಗೆ ಯೋಗ್ಯವೆಂದು ಸಹಿ ಹಾಕುತ್ತಾರೆ. ವಿಮಾನಸಂಸ್ಥೆಯ ನಿರ್ವಹಣಾ ನಿಯಂತ್ರಣ ಕೇಂದ್ರ ಬಿಡಿಭಾಗ ಎಲ್ಲಿ ಸಿಗುತ್ತದೆ, ಎಷ್ಟು ಹೊತ್ತು ಬೇಕು ಎಂದು ನೋಡುತ್ತದೆ. ಡಿಸ್ಪ್ಯಾಚರ್ ಹೊಸ ಷರತ್ತಿಗೆ ತಕ್ಕಂತೆ ಮಾರ್ಗ, ಎತ್ತರ, ಇಂಧನದ ಲೆಕ್ಕವನ್ನು ಮತ್ತೆ ಮಾಡುತ್ತಾರೆ. ಅಮೆರಿಕದ ನಿಗದಿತ ವಿಮಾನಸೇವೆಗಳಲ್ಲಿ ಹೊರಡುವ ತೀರ್ಮಾನದ ಹೊಣೆಯನ್ನು ಕ್ಯಾಪ್ಟನ್ ಮತ್ತು ಡಿಸ್ಪ್ಯಾಚರ್ ಕಾನೂನಿನ ಪ್ರಕಾರ ಜಂಟಿಯಾಗಿ ಹೊರುತ್ತಾರೆ.

ಎಂಜಿನಿಯರ್ ಸಹಿ ಹಾಕಿದ ಮೇಲೂ ಆ ಸ್ಥಿತಿಯಲ್ಲಿ ವಿಮಾನವನ್ನು ಒಪ್ಪಿಕೊಳ್ಳಬೇಕೆಂಬ ಕಡ್ಡಾಯ ಕ್ಯಾಪ್ಟನ್ನಿಗೆ ಇಲ್ಲ. ಪಟ್ಟಿ ಅನುಮತಿಸಿದ್ದರೂ ಅವರು ಬೇಡವೆನ್ನಬಹುದು. ಪಟ್ಟಿ ನಿಷೇಧಿಸಿದ್ದನ್ನು ಮಾತ್ರ ಯಾರೂ ಒಪ್ಪುವಂತಿಲ್ಲ. ಈ ಏಕಮುಖ ಅಧಿಕಾರವೇ ಇಡೀ ವ್ಯವಸ್ಥೆಯ ಕೊನೆಯ ಕಾವಲು.

ತೀರ್ಮಾನದ ದಾರಿ

ಮೊದಲು ದೋಷ ನಿಜವೆ ಎಂದು ನೋಡಬೇಕು. ಗಣಕಗಳಿಂದ ತುಂಬಿದ ವಿಮಾನಗಳಲ್ಲಿ ವಿದ್ಯುತ್ ಮೂಲ ಬದಲಾಗುವ ಹೊತ್ತಿಗೆ ಸುಳ್ಳು ಸಂದೇಶಗಳು ಬರುವುದುಂಟು. ತಯಾರಕರು ಒಪ್ಪಿದ ಗಣಕಗಳನ್ನು, ಒಪ್ಪಿದ ಕ್ರಮದಲ್ಲಿ ಮಾತ್ರ ರೀಸೆಟ್ ಮಾಡಬಹುದು. ಸಂದೇಶ ಉಳಿದರೆ, ಇಲ್ಲವೆ ಹೋಗಿ ಮತ್ತೆ ಬಂದರೆ, ಎಂಜಿನಿಯರನ್ನು ಕರೆಯಬೇಕು. ಬಳಿಕ ಪಟ್ಟಿ ತೆರೆದು ನಮೂದು ಹುಡುಕಿ, ಷರತ್ತುಗಳನ್ನು ಪೂರ್ತಿ ಓದಿ, ಅವು ಇಂದಿನ ಪ್ರಯಾಣಕ್ಕೆ ಹೇಗೆ ತಗಲುತ್ತವೆ ಎಂದು ಇಬ್ಬರೂ ಪೈಲಟ್‌ಗಳು ಚರ್ಚಿಸಬೇಕು. ಸಂಗತಿಗಳೇನು, ಆಯ್ಕೆಗಳೇನು, ಒಂದೊಂದರ ಲಾಭ ಮತ್ತು ಅಪಾಯವೇನು, ತೀರ್ಮಾನ, ಜಾರಿ, ಮರುಪರಿಶೀಲನೆ ಎಂಬ ಆರು ಹೆಜ್ಜೆಗಳ ಫೋರ್ಡೆಕ್ ಕ್ರಮವನ್ನು ಹಲವು ವಿಮಾನಸಂಸ್ಥೆಗಳು ತರಬೇತಿಯಲ್ಲಿ ಕಲಿಸುತ್ತವೆ. ತೀರ್ಮಾನ ಮೊದಲು ಮಾಡಿ ಅದಕ್ಕೆ ಕಾರಣಗಳನ್ನು ಆಮೇಲೆ ಹುಡುಕುವ ಸಹಜ ಪ್ರವೃತ್ತಿಯನ್ನು ತಡೆಯುವುದು ಇದರ ಗುರಿ. ಕೋ-ಪೈಲಟ್‌ನ ಅನುಮಾನಕ್ಕೆ ಇಲ್ಲಿ ವಿಶೇಷ ಬೆಲೆ ಇದೆ. ಕಿರಿಯರು ಬಾಯಿಬಿಟ್ಟು ಹೇಳುವಂತೆಯೂ ಹಿರಿಯರು ಕಿವಿಗೊಡುವಂತೆಯೂ ಮಾಡುವ ಸಿಬ್ಬಂದಿ ಸಮನ್ವಯ ತರಬೇತಿ 1979ರಲ್ಲಿ ನಾಸಾ ನಡೆಸಿದ ಕಾರ್ಯಾಗಾರದ ಬಳಿಕ ಜಗತ್ತಿನಾದ್ಯಂತ ಬೇರೂರಿತು.

ಒಂದೇ ದೋಷ ಒಂದು ಮಾರ್ಗದಲ್ಲಿ ಅಲ್ಪ, ಇನ್ನೊಂದರಲ್ಲಿ ಗಂಭೀರ. ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ದಕ್ಷಿಣ ರನ್‌ವೇಯಲ್ಲಿ ದಟ್ಟ ಮಂಜಿನಲ್ಲೂ ಇಳಿಯಲು ನೆರವಾಗುವ ಕ್ಯಾಟ್ 3-ಬಿ ವ್ಯವಸ್ಥೆ 2020ರ ಕೊನೆಯಿಂದ ಬಳಕೆಯಲ್ಲಿದೆ. ಆದರೆ ಅದನ್ನು ಉಪಯೋಗಿಸಲು ವಿಮಾನದ ಸ್ವಯಂಚಾಲಿತ ಇಳಿಕೆಯ ಉಪಕರಣಗಳೂ ಸುಸ್ಥಿತಿಯಲ್ಲಿರಬೇಕು. ಎರಡು ಆಟೋಪೈಲಟ್‌ಗಳಲ್ಲಿ ಒಂದು ಕೆಟ್ಟಿದ್ದರೆ ಬಿಸಿಲಿನ ಮಧ್ಯಾಹ್ನ ಏನೂ ತೊಂದರೆಯಿಲ್ಲ. ಜನವರಿಯ ಮಂಜಿನ ಮುಂಜಾವಿನಲ್ಲಿ ಅದೇ ವಿಮಾನ ಬೇರೆ ಊರಿಗೆ ಹೋಗಿ ಇಳಿಯಬೇಕಾದೀತು. ಎಂಜಿನ್ನಿನ ನೂಕುಬಲವನ್ನು ಹಿಂದಕ್ಕೆ ತಿರುಗಿಸಿ ವೇಗ ತಗ್ಗಿಸುವ ರಿವರ್ಸರ್‌ನ ಕಥೆಯೂ ಹೀಗೆಯೇ. ಒಂದು ರಿವರ್ಸರ್ ಕೆಟ್ಟಿದ್ದರೆ ಅದನ್ನು ಬಂಧಿಸಿ ಹಾರಲು ಪಟ್ಟಿಗಳು ಸಾಮಾನ್ಯವಾಗಿ ಅವಕಾಶ ಕೊಡುತ್ತವೆ. ಉದ್ದನೆಯ ಒಣ ರನ್‌ವೇಯಲ್ಲಿ ಅದರ ಕೊರತೆ ಗೊತ್ತಾಗುವುದೂ ಇಲ್ಲ. ಮಂಗಳೂರಿನಂತೆ ಗುಡ್ಡದ ನೆತ್ತಿಯನ್ನು ಸಮತಟ್ಟು ಮಾಡಿ ಕಟ್ಟಿದ, ತುದಿಯಾಚೆ ಕಣಿವೆಯಿರುವ ರನ್‌ವೇಯಲ್ಲಿ ಆಷಾಢದ ಮಳೆ ಸುರಿಯುವಾಗ ಲೆಕ್ಕವೇ ಬದಲಾಗುತ್ತದೆ. 29,000 ಅಡಿಯಿಂದ 41,000 ಅಡಿಯವರೆಗೆ ವಿಮಾನಗಳು ಒಂದರ ಮೇಲೊಂದು 1,000 ಅಡಿಯ ಅಂತರದಲ್ಲಿ ಹಾರುವ ವಲಯಕ್ಕೆ ಹೋಗಲು ಎತ್ತರ ಅಳೆಯುವ ಎರಡು ಸ್ವತಂತ್ರ ವ್ಯವಸ್ಥೆಗಳು ಸರಿಯಿರಬೇಕು. ಎರಡು ಎಂಜಿನ್‌ಗಳ ವಿಮಾನ ಸಾಗರದ ಮೇಲೆ ದೂರ ಸಾಗುವ ಮಾರ್ಗಗಳಲ್ಲಿ ಜನರೇಟರ್, ಎಪಿಯು ಮುಂತಾದವುಗಳ ಬಗ್ಗೆ ನಿಯಮ ಇನ್ನೂ ಬಿಗಿಯಾಗುತ್ತದೆ.

ಪಟ್ಟಿಯ ಅಧಿಕಾರ ಎಲ್ಲಿಗೆ ಮುಗಿಯುತ್ತದೆ ಎಂಬುದೂ ನಿಗದಿಯಾಗಿದೆ. ವಿಮಾನ ಹಾರಾಟಕ್ಕಾಗಿ ತನ್ನದೇ ಶಕ್ತಿಯಿಂದ ಚಲಿಸತೊಡಗುವವರೆಗೆ ಪಟ್ಟಿಯೇ ಆಧಾರ. ಆಮೇಲೆ ಕಾಣುವ ದೋಷವನ್ನು ತುರ್ತು ಕೈಪಿಡಿಯ ಪ್ರಕಾರ ನಿಭಾಯಿಸಬೇಕು. ಹಾಗಿದ್ದರೂ ರನ್‌ವೇಯತ್ತ ಸಾಗುವಾಗ ದೋಷ ಕಂಡರೆ ಪಟ್ಟಿಯನ್ನು ಒಮ್ಮೆ ನೋಡಿ, ಅಗತ್ಯವಾದರೆ ಮರಳಿ ಬರುವುದು ವಿವೇಕದ ಕ್ರಮ.

ದೋಷಗಳು ಒಂದಕ್ಕೊಂದು ಕೂಡಿದಾಗ

ಪಟ್ಟಿ ಒಂದೊಂದು ದೋಷವನ್ನು ಬಿಡಿಬಿಡಿಯಾಗಿ ತೂಗುತ್ತದೆ. ಎರಡು ಮೂರು ದೋಷಗಳು ಸೇರಿದಾಗ, ಇಲ್ಲವೆ ಒಂದು ದೋಷ ಹವೆಯೊಂದಿಗೂ ಸ್ಥಳದೊಂದಿಗೂ ಸೇರಿದಾಗ ಏನಾಗುತ್ತದೆ ಎಂಬುದೆಲ್ಲವನ್ನೂ ಅದು ಮುಂಗಾಣಲಾರದು. ಇತಿಹಾಸದ ದೊಡ್ಡ ಪಾಠಗಳು ಈ ಅಂತರದಲ್ಲೇ ಹುಟ್ಟಿವೆ.

1983ರ ಜುಲೈ 23ರಂದು ಮಾಂಟ್ರಿಯಲ್‌ನಿಂದ ಒಟ್ಟಾವಾ ಮೂಲಕ ಎಡ್ಮಂಟನ್‌ಗೆ ಹೊರಟ ಏರ್ ಕೆನಡಾ 143 ಹೊಚ್ಚಹೊಸ ಬೋಯಿಂಗ್ 767. ಅದರ ಇಂಧನಮಾಪಕ ಗಣಕದಲ್ಲಿ ಎರಡು ವಾಹಿನಿಗಳಿದ್ದವು. ಒಂದು ಕೆಟ್ಟಿದ್ದರೆ ಟ್ಯಾಂಕನ್ನು ಅಳತೆಕೋಲಿನಿಂದ ಅಳೆದು ಹಾರಲು ಪಟ್ಟಿ ಒಪ್ಪುತ್ತಿತ್ತು. ಮಾಪಕಗಳು ಏನನ್ನೂ ತೋರಿಸದಿದ್ದರೆ ಒಪ್ಪುತ್ತಿರಲಿಲ್ಲ. ಕೆಟ್ಟ ವಾಹಿನಿಯ ಸರ್ಕ್ಯೂಟ್ ಬ್ರೇಕರನ್ನು ಎಳೆದಿಟ್ಟರೆ ಮಾಪಕಗಳು ಕೆಲಸ ಮಾಡುತ್ತಿದ್ದವು. ಮಾಂಟ್ರಿಯಲ್‌ನಲ್ಲಿ ಒಬ್ಬ ತಂತ್ರಜ್ಞ ಪರೀಕ್ಷೆಗೆಂದು ಅದನ್ನು ಮತ್ತೆ ಒಳಗೊತ್ತಿ, ಬೇರೆ ಕೆಲಸದ ನಡುವೆ ಹಾಗೆಯೇ ಬಿಟ್ಟರು. ಮಾಪಕಗಳು ಏನನ್ನೂ ತೋರಿಸದಾದವು. ಬ್ರೇಕರ್ ಮೇಲೆ ಹಳೆಯ ಚೀಟಿ ಇದ್ದುದರಿಂದ ಇದೇ ಹಿಂದಿನಿಂದ ಬಂದ ದೋಷವೆಂದು ಕ್ಯಾಪ್ಟನ್ ರಾಬರ್ಟ್ ಪಿಯರ್ಸನ್ ಭಾವಿಸಿದರು. ಪ್ರಯಾಣಕ್ಕೆ 22,300 ಕಿಲೋಗ್ರಾಂ ಇಂಧನ ಬೇಕಿತ್ತು. ಟ್ಯಾಂಕಿನಲ್ಲಿದ್ದುದು 7,682 ಲೀಟರ್. ಲೀಟರನ್ನು ಕಿಲೋಗ್ರಾಮಿಗೆ ತಿರುಗಿಸಲು ಸುಮಾರು 0.8ರಿಂದ ಗುಣಿಸಬೇಕಿದ್ದ ಕಡೆ ಪೌಂಡಿನ ಲೆಕ್ಕದ 1.77ರಿಂದ ಗುಣಿಸಿದರು. ಹೀಗಾಗಿ 20,000 ಲೀಟರಿಗೂ ಹೆಚ್ಚು ತುಂಬಿಸಬೇಕಾಗಿದ್ದ ಕಡೆ 5,000 ಲೀಟರಿಗಿಂತ ಕಡಿಮೆ ತುಂಬಿತು. ದಾರಿಯಲ್ಲೇ ಇಂಧನ ಮುಗಿದು ಎರಡೂ ಎಂಜಿನ್ ನಿಂತವು. ಪಿಯರ್ಸನ್ ಮತ್ತು ಕೋ-ಪೈಲಟ್ ಮಾರಿಸ್ ಕ್ವಿಂಟಾಲ್ ವಿಮಾನವನ್ನು ತೇಲಿಸಿಕೊಂಡು ಬಂದು ಮ್ಯಾನಿಟೋಬಾದ ಗಿಮ್ಲಿಯ ಹಳೆಯ ವಾಯುನೆಲೆಯಲ್ಲಿ ಇಳಿಸಿದರು. 69 ಜನರೂ ಬದುಕಿದರು. ಮಾಪಕ ಒಂದೇ ಕೆಟ್ಟಿದ್ದರೆ ಅಳತೆಕೋಲು ಸಾಕಾಗುತ್ತಿತ್ತು. ಅಳತೆಯ ಲೆಕ್ಕ ಮಾತ್ರ ತಪ್ಪಿದ್ದರೆ ಮಾಪಕ ಎಚ್ಚರಿಸುತ್ತಿತ್ತು. ಎರಡೂ ಒಂದೇ ದಿನ ಸೇರಿದವು.

1989ರ ಮಾರ್ಚ್ 10ರಂದು ಕೆನಡಾದ ಡ್ರೈಡನ್‌ನಲ್ಲಿ ಏರ್ ಒಂಟಾರಿಯೊ 1363 ಬಿದ್ದದ್ದು ಇನ್ನೂ ನೋವಿನ ಉದಾಹರಣೆ. ಆ ಫಾಕರ್ ಎಫ್-28 ವಿಮಾನದ ಎಪಿಯು ಕೆಟ್ಟಿತ್ತು. ಡ್ರೈಡನ್‌ನಲ್ಲಿ ಎಂಜಿನ್ ಚಾಲೂ ಮಾಡುವ ನೆಲದ ಯಂತ್ರ ಇರಲಿಲ್ಲ. ಆದ್ದರಿಂದ ಒಂದು ಎಂಜಿನ್ನನ್ನು ಆರಿಸದೆ, ಪ್ರಯಾಣಿಕರು ಒಳಗಿರುವಾಗಲೇ ಇಂಧನ ತುಂಬಿಸಿದರು. ಎಂಜಿನ್ ಓಡುತ್ತಿರುವಾಗ ರೆಕ್ಕೆಯ ಹಿಮ ಕರಗಿಸುವ ದ್ರವ ಸಿಂಪಡಿಸುವುದಕ್ಕೆ ನಿಷೇಧವಿತ್ತು. ಹಿಮ ಬೀಳುತ್ತಲೇ ಇತ್ತು. ರೆಕ್ಕೆಯ ಮೇಲೆ ಹಿಮ ಹೊತ್ತ ವಿಮಾನ ಮೇಲೇರಲಾರದೆ ಕಾಡಿಗೆ ಬಿತ್ತು. 69 ಜನರಲ್ಲಿ 24 ಮಂದಿ ಸತ್ತರು. ಎಪಿಯು ಇಲ್ಲದೆ ಹಾರುವುದರಲ್ಲಿ ತನ್ನಷ್ಟಕ್ಕೆ ಅಪಾಯವೇನೂ ಇರಲಿಲ್ಲ. ಆ ಊರು, ಆ ಹವೆ ಸೇರಿದಾಗ ಅದು ಸಿಬ್ಬಂದಿಗಿದ್ದ ದಾರಿಗಳನ್ನು ಒಂದೊಂದಾಗಿ ಮುಚ್ಚಿತು. ನ್ಯಾಯಮೂರ್ತಿ ವರ್ಜಿಲ್ ಮೊಶಾನ್ಸ್ಕಿ ಆಯೋಗ 1992ರಲ್ಲಿ ಕೊಟ್ಟ ವರದಿ ಪೈಲಟ್‌ಗಳನ್ನು ದೂರಿ ಅಲ್ಲಿಗೇ ನಿಲ್ಲಲಿಲ್ಲ. ವಿಮಾನಸಂಸ್ಥೆಯ ಆಡಳಿತ, ನಿಯಂತ್ರಕರ ಮೇಲ್ವಿಚಾರಣೆ ಎಲ್ಲವನ್ನೂ ಪರಿಶೀಲಿಸಿ 191 ಶಿಫಾರಸುಗಳನ್ನು ಮಾಡಿತು.

2008ರ ಆಗಸ್ಟ್ 20ರಂದು ಮ್ಯಾಡ್ರಿಡ್‌ನ ಬರಾಹಾಸ್‌ನಲ್ಲಿ ಸ್ಪ್ಯಾನೇರ್ 5022 ಹೊರಡಲು ಅಣಿಯಾಗಿದ್ದಾಗ ಹೊರಗಿನ ಗಾಳಿಯ ಉಷ್ಣತೆ ಅಳೆಯುವ ಸಾಧನ ನೆಲದ ಮೇಲೇ ಅತಿಯಾಗಿ ಕಾಯುತ್ತಿರುವುದು ಕಂಡಿತು. ಸಿಬ್ಬಂದಿ ಮರಳಿ ಬಂದರು. ದಾರಿಯಲ್ಲಿ ಹಿಮಗಟ್ಟುವ ಹವೆ ಇರಲಿಲ್ಲವಾದ್ದರಿಂದ ತಂತ್ರಜ್ಞರು ಪಟ್ಟಿಯ ಪ್ರಕಾರ ಅದರ ಹೀಟರಿನ ಬ್ರೇಕರ್ ಎಳೆದು ದುರಸ್ತಿಯನ್ನು ಮುಂದೂಡಿದರು. ಎರಡನೆಯ ಸಲ ಹೊರಟಾಗ ಪೈಲಟ್‌ಗಳು ರೆಕ್ಕೆಯ ಫ್ಲ್ಯಾಪ್‌ಗಳನ್ನು ಚಾಚಲಿಲ್ಲ, ಅದನ್ನು ಎಚ್ಚರಿಸಬೇಕಿದ್ದ ಅಲಾರಂ ಕೂಗಲಿಲ್ಲ. 154 ಜನ ಸತ್ತು 18 ಮಂದಿ ಉಳಿದರು. ನೆಲದ ಮೇಲಿರುವಾಗ ಹೀಟರ್ ಚಾಲೂ ಆಗದಂತೆ ತಡೆಯುವ ರಿಲೇ ಮತ್ತು ಅಲಾರಮ್ಮಿನ ನಡುವೆ ಸಂಬಂಧವಿತ್ತು. ಅಂದಿನ ವೈಫಲ್ಯಕ್ಕೆ ಆ ರಿಲೇಯೇ ಕಾರಣವೆಂದು ತನಿಖೆ ಖಚಿತವಾಗಿ ಸಾಧಿಸಲಾಗಲಿಲ್ಲ. ಆದರೂ ಈ ಅಪಘಾತ ಎರಡು ವಿಷಯಗಳನ್ನು ಎತ್ತಿ ತೋರಿಸಿತು. ಲಕ್ಷಣವನ್ನು ಅಡಗಿಸುವುದು ಬೇರೆ, ಕಾರಣ ಹುಡುಕುವುದು ಬೇರೆ. ದೋಷದಿಂದಾದ ವಿಳಂಬ, ಅವಸರ, ಮಾತುಕತೆಯ ನಡುವೆ ಸಿಬ್ಬಂದಿ ಚೆಕ್‌ಲಿಸ್ಟಿನ ದಾರಿ ತಪ್ಪಬಹುದು. ಆದ್ದರಿಂದಲೇ ಇಂಥ ಅಡಚಣೆಯ ನಂತರ ಚೆಕ್‌ಲಿಸ್ಟನ್ನು ಮೊದಲಿನಿಂದ ಓದಬೇಕೆಂದು ಒತ್ತಿ ಕಲಿಸಲಾಗುತ್ತದೆ.

ದಾಖಲೆಯ ಪ್ರಾಮಾಣಿಕತೆ

ಒಬ್ಬ ಸಿಬ್ಬಂದಿ ಬರೆದದ್ದರ ಮೇಲೆ ಮುಂದಿನ ಎಲ್ಲರ ತೀರ್ಮಾನ ನಿಂತಿರುತ್ತದೆ. 2018ರ ಅಕ್ಟೋಬರ್ 28ರಂದು ಇಂಡೊನೇಷ್ಯಾದ ಡೆನ್‌ಪಸಾರ್‌ನಲ್ಲಿ ಲಯನ್ ಏರ್‌ನ ಬೋಯಿಂಗ್ 737 ಮ್ಯಾಕ್ಸ್ ವಿಮಾನದ ಗಾಳಿಯ ಕೋನ ಅಳೆಯುವ ಸಂವೇದಕವನ್ನು ಬದಲಿಸಲಾಯಿತು. ಅಂದು ರಾತ್ರಿ ಜಕಾರ್ತಕ್ಕೆ ಹಾರುವಾಗ ವಿಮಾನ ಸೋತು ಬೀಳಲಿದೆಯೆಂದು ಎಚ್ಚರಿಸುವ ಕಂಪನ ಕ್ಯಾಪ್ಟನ್ನಿನ ಹಿಡಿಯಲ್ಲಿ ಮುಂದುವರಿಯಿತು, ಬಾಲದ ಫಲಕ ತಾನಾಗಿ ಮೂತಿಯನ್ನು ಕೆಳಕ್ಕೆ ಒತ್ತಿತು. ಕಾಕ್‌ಪಿಟ್ಟಿನಲ್ಲಿ ಮೂರನೆಯ ಪೈಲಟ್ ಕೂಡ ಇದ್ದ ಆ ತಂಡ ಅದರ ವಿದ್ಯುತ್ ಸ್ವಿಚ್ ಆರಿಸಿ ವಿಮಾನವನ್ನು ಮುಟ್ಟಿಸಿತು. ಇಳಿದ ಮೇಲೆ ವೇಗ ಮತ್ತು ಎತ್ತರದ ಅಂಕಿಗಳು ಹೊಂದುತ್ತಿಲ್ಲವೆಂದು, ಎಚ್ಚರಿಕೆಯ ದೀಪವೊಂದು ಹೊತ್ತಿತೆಂದು ಬರೆದರು. ಹಿಡಿಯ ಕಂಪನವನ್ನೂ ಸ್ವಿಚ್ ಆರಿಸಿದ್ದನ್ನೂ ಬರೆಯಲಿಲ್ಲ. ಎಂಜಿನಿಯರ್ ಬರೆದಷ್ಟಕ್ಕೆ ಪರಿಹಾರ ಮಾಡಿದರು. ಮರುದಿನ ಬೆಳಗ್ಗೆ ಅದೇ ವಿಮಾನ ಸಮುದ್ರಕ್ಕೆ ಬಿದ್ದು 189 ಜನ ಸತ್ತರು. ವಿಮಾನದ ವಿನ್ಯಾಸದ ದೋಷ, ಸಂವೇದಕದ ದೋಷದ ಜೊತೆಗೆ ಈ ಅಪೂರ್ಣ ದಾಖಲೆಯನ್ನೂ ಇಂಡೊನೇಷ್ಯಾದ ತನಿಖಾ ಸಮಿತಿ ಕಾರಣಗಳಲ್ಲಿ ಸೇರಿಸಿತು.

ಮರುಕಳಿಸುವ ದೋಷವೂ ದಾಖಲೆಯಲ್ಲೇ ಪತ್ತೆಯಾಗಬೇಕು. 2014ರ ಡಿಸೆಂಬರ್ 28ರಂದು ಜಾವಾ ಸಮುದ್ರಕ್ಕೆ ಬಿದ್ದ ಏರ್‌ಏಷ್ಯಾ 8501 ವಿಮಾನದಲ್ಲಿ ಚುಕ್ಕಾಣಿಯ ಚಲನೆಗೆ ಮಿತಿ ಹಾಕುವ ಘಟಕ ಹಿಂದಿನ 12 ತಿಂಗಳಲ್ಲಿ 23 ಸಲ ತೊಂದರೆ ಕೊಟ್ಟಿತ್ತು. ಬೆಸುಗೆಯಲ್ಲಿದ್ದ ಬಿರುಕು ಅದರ ಮೂಲ. ಕೆಲ ದಿನಗಳ ಹಿಂದೆ ನೆಲದ ಮೇಲೆ ತಂತ್ರಜ್ಞರು ಬ್ರೇಕರ್ ಎಳೆದು ರೀಸೆಟ್ ಮಾಡುವುದನ್ನು ಕ್ಯಾಪ್ಟನ್ ನೋಡಿದ್ದರು. ಆಕಾಶದಲ್ಲಿ ಬ್ರೇಕರ್ ಎಳೆದಾಗ ಆಟೋಪೈಲಟ್ ಕಳಚಿ, ಸಿಬ್ಬಂದಿ ಹತೋಟಿ ಕಳೆದುಕೊಂಡರು. 162 ಜನ ಸತ್ತರು. ನೆಲದ ಮೇಲೆ ಸರಿಯಾದ ಉಪಾಯ ಆಕಾಶದಲ್ಲಿ ಮಾರಕವಾಗಬಹುದು ಎಂಬುದು ಇದರ ಪಾಠ.

ಒತ್ತಡಗಳು

ತೀರ್ಮಾನದ ಮೇಲೆ ಅನೇಕ ಒತ್ತಡಗಳು ಬೀಳುತ್ತವೆ. ಒಂದು ವಿಮಾನ ತಡವಾದರೆ ಅದು ದಿನವಿಡೀ ಮಾಡಬೇಕಾದ ಉಳಿದ ಹಾರಾಟಗಳೂ ತಡವಾಗುತ್ತವೆ. ದುರಸ್ತಿಗೆ ಕಾಯುತ್ತ ಕುಳಿತರೆ ಸಿಬ್ಬಂದಿಯ ಕರ್ತವ್ಯದ ಅವಧಿ ಮುಗಿಯುತ್ತದೆ. ಬಿಡಿಭಾಗ ಸಿಗುವುದು ಮುಖ್ಯ ನಿಲ್ದಾಣದಲ್ಲಿ, ವಿಮಾನ ನಿಂತಿರುವುದು ದೂರದ ಊರಿನಲ್ಲಿ. ಮನೆ ತಲುಪುವ ಆಸೆ ಸಿಬ್ಬಂದಿಗೂ ಇರುತ್ತದೆ. 1991ರ ಜುಲೈ 11ರಂದು ಜೆಡ್ಡಾದಿಂದ ನೈಜೀರಿಯಾದ ಯಾತ್ರಿಕರನ್ನು ಹೊತ್ತು ಹೊರಟ ಕೆನಡಾದ ಡಿಸಿ-8 ವಿಮಾನದ ಟೈರುಗಳಲ್ಲಿ ಗಾಳಿ ಕಡಿಮೆ ಇರುವುದು ಕೆಲ ದಿನಗಳ ಮೊದಲೇ ತಂತ್ರಜ್ಞರಿಗೆ ಗೊತ್ತಿತ್ತು. ತುಂಬಿಸಲು ನೈಟ್ರೋಜನ್ ಕೂಡಲೇ ಸಿಗಲಿಲ್ಲ, ವಿಳಂಬಕ್ಕೆ ಮೇಲಿನವರು ಒಪ್ಪಲಿಲ್ಲ. ಓಡುವಾಗ ಕಾದು ಸಿಡಿದ ಟೈರುಗಳ ಬೆಂಕಿ ಚಕ್ರಗಳೊಂದಿಗೆ ವಿಮಾನದ ಒಳಗೆ ಹೋಯಿತು. 261 ಜನರಲ್ಲಿ ಒಬ್ಬರೂ ಉಳಿಯಲಿಲ್ಲ.

ಹಣದ ಲೆಕ್ಕವೂ ಇದರಲ್ಲಿ ಸೇರಿದೆ. ಯುರೋಪಿನಲ್ಲಿ ದೀರ್ಘ ವಿಳಂಬ ಮತ್ತು ರದ್ದತಿಗೆ ಪ್ರಯಾಣಿಕರಿಗೆ ಪರಿಹಾರ ಕೊಡಬೇಕು. ಸಾಮಾನ್ಯ ತಾಂತ್ರಿಕ ದೋಷವನ್ನು ಅಸಾಧಾರಣ ಸನ್ನಿವೇಶವೆಂದು ತೋರಿಸಿ ಇದರಿಂದ ನುಣುಚಿಕೊಳ್ಳುವಂತಿಲ್ಲ ಎಂದು ಯುರೋಪಿನ ನ್ಯಾಯಾಲಯ 2008ರ ಡಿಸೆಂಬರ್ 22ರಂದು ಅಲಿಟಾಲಿಯಾ ವಿರುದ್ಧದ ಪ್ರಕರಣದಲ್ಲಿ ತೀರ್ಪಿತ್ತಿತು. ಪ್ರಯಾಣಿಕರಿಗೆ ಇದು ನ್ಯಾಯ. ಆದರೆ ಈ ವೆಚ್ಚದ ಭಾರ ಕಾಕ್‌ಪಿಟ್ಟಿನವರೆಗೆ ಇಳಿದು ಬರದಂತೆ ನೋಡಿಕೊಳ್ಳುವುದು ಆಡಳಿತದ ಹೊಣೆ. ವಿಮಾನ ಬೇಡವೆಂದ ಕ್ಯಾಪ್ಟನ್ನಿಗೆ ಕಾರಣ ಕೇಳುವ ಪತ್ರ ಹೋಗುವ ಸಂಸ್ಥೆಯಲ್ಲಿ ಮುಂದಿನ ಕ್ಯಾಪ್ಟನ್ ಮೌನವಾಗುತ್ತಾರೆ.

ಭಾರತದಲ್ಲಿ

ಭಾರತದಲ್ಲಿ ಈ ವಿಷಯ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ, ಅಂದರೆ ಡಿಜಿಸಿಎಯ, ಅಧಿಕಾರದಲ್ಲಿದೆ. 1937ರ ವಿಮಾನ ನಿಯಮಗಳು ಮತ್ತು ಡಿಜಿಸಿಎ ಹೊರಡಿಸುವ ನಾಗರಿಕ ವಿಮಾನಯಾನ ಅಗತ್ಯಗಳು ಇದಕ್ಕೆ ಆಧಾರ. 1934ರ ಹಳೆಯ ಕಾಯ್ದೆಯ ಜಾಗದಲ್ಲಿ 2024ರ ಭಾರತೀಯ ವಾಯುಯಾನ ಅಧಿನಿಯಮ 2025ರ ಜನವರಿ 1ರಿಂದ ಜಾರಿಗೆ ಬಂದಿದೆ. ವಿಮಾನಸಂಸ್ಥೆಗಳ ಎಂಇಎಲ್‌ಗೆ ಡಿಜಿಸಿಎ ಅನುಮೋದನೆ ಬೇಕು. ಎಂಜಿನಿಯರುಗಳಲ್ಲಿ ಎಂಜಿನ್ ಮತ್ತು ಯಾಂತ್ರಿಕ ಭಾಗಗಳಿಗೆ ಬಿ-1, ವಿದ್ಯುನ್ಮಾನ ಉಪಕರಣಗಳಿಗೆ ಬಿ-2, ಸೀಮಿತ ಕೆಲಸಗಳಿಗೆ 'ಎ' ಎಂಬ ಪರವಾನಗಿ ವರ್ಗಗಳಿವೆ.

2022ರ ನಡುವಿನ ತಿಂಗಳುಗಳಲ್ಲಿ ಭಾರತೀಯ ವಿಮಾನಗಳಲ್ಲಿ ಒಂದರ ಹಿಂದೊಂದು ತಾಂತ್ರಿಕ ಘಟನೆಗಳು ವರದಿಯಾದಾಗ ಡಿಜಿಸಿಎ ದಿಢೀರ್ ತಪಾಸಣೆ ನಡೆಸಿತು. ದೋಷದ ಕಾರಣವನ್ನು ಸರಿಯಾಗಿ ಗುರುತಿಸುತ್ತಿಲ್ಲ, ಎಂಇಎಲ್ ಅಡಿಯಲ್ಲಿ ವಿಮಾನ ಬಿಡುಗಡೆ ಮಾಡುವುದು ಹೆಚ್ಚುತ್ತಿದೆ, ನಡುವಿನ ನಿಲ್ದಾಣಗಳಲ್ಲಿ ಅರ್ಹ ಎಂಜಿನಿಯರುಗಳ ಕೊರತೆಯಿದೆ ಎಂದು ಕಂಡುಕೊಂಡಿತು. ಬಿ-1 ಅಥವಾ ಬಿ-2 ಪರವಾನಗಿ ಇರುವ ಎಂಜಿನಿಯರುಗಳೇ ಎಲ್ಲ ನಿಲ್ದಾಣಗಳಲ್ಲೂ ವಿಮಾನ ಬಿಡುಗಡೆ ಮಾಡಬೇಕೆಂದು ಜುಲೈ ತಿಂಗಳಲ್ಲಿ ಆದೇಶಿಸಿತು. ಪಟ್ಟಿ ಇರುವುದು ದುರಸ್ತಿಗೆ ಸಮಯ ಕೊಡಲು, ದುರಸ್ತಿಯನ್ನು ತಪ್ಪಿಸಲು ಅಲ್ಲ ಎಂಬ ಮೂಲತತ್ತ್ವವನ್ನೇ ಈ ಆದೇಶ ಮತ್ತೆ ನೆನಪಿಸಿತು.

2025ರ ಜೂನ್ 12ರಂದು ಅಹಮದಾಬಾದ್‌ನಲ್ಲಿ ಏರ್ ಇಂಡಿಯಾ 171 ಬಿದ್ದ ಬಳಿಕ ಭಾರತದ ಅಪಘಾತ ತನಿಖಾ ದಳ ಪ್ರಕಟಿಸಿದ ಪ್ರಾಥಮಿಕ ವರದಿಯಲ್ಲಿ, ಅದೇ ವಿಮಾನದ ಹಿಂದಿನ ಹಾರಾಟದ ಪೈಲಟ್ ಟೆಕ್ ಲಾಗ್‌ನಲ್ಲಿ ಬರೆದ ಬಾಲದ ಫಲಕದ ಸಂವೇದಕದ ಸಂದೇಶ, ಎಂಜಿನಿಯರ್ ಅದನ್ನು ಪರಿಶೀಲಿಸಿ ವಿಮಾನವನ್ನು ಬಿಡುಗಡೆ ಮಾಡಿದ್ದು ದಾಖಲಾಗಿದೆ. ಅಪಘಾತಕ್ಕೆ ಅದೇ ಕಾರಣವೆಂದು ವರದಿ ಹೇಳಿಲ್ಲ. ತನಿಖೆ ಎಲ್ಲಿಂದ ಶುರುವಾಗುತ್ತದೆ ಎಂಬುದನ್ನು ಮಾತ್ರ ಇದು ತೋರಿಸುತ್ತದೆ.

ಮಹತ್ವ

ತಾಂತ್ರಿಕ ದೋಷದಿಂದ ವಿಮಾನ ತಡವಾಗಿದೆ ಎಂಬ ಪ್ರಕಟಣೆ ಕೇಳಿದ ಪ್ರಯಾಣಿಕರು ಸಿಟ್ಟಾಗುವುದು ಸಹಜ. ಆ ಹೊತ್ತಿನಲ್ಲಿ ಎಂಜಿನಿಯರ್, ಕೋ-ಪೈಲಟ್, ಕ್ಯಾಪ್ಟನ್ ಒಂದು ಷರತ್ತನ್ನು ಎರಡನೆಯ ಸಲ ಓದುತ್ತಿರಬಹುದು. ಡ್ರೈಡನ್, ಜೆಡ್ಡಾ, ಮ್ಯಾಡ್ರಿಡ್‌ಗಳಲ್ಲಿ ಸತ್ತವರ ಸಾವಿನಿಂದ ಕಲಿತದ್ದೇ ಇಂದಿನ ಕೈಪಿಡಿಗಳಲ್ಲಿ ಸೇರಿದೆ. ಹಾಗಿದ್ದರೂ ನಿಯಮದ ಪುಸ್ತಕ ಎಷ್ಟೇ ದಪ್ಪವಾದರೂ ಎರಡು ದೋಷಗಳನ್ನು ಒಟ್ಟಿಗೆ ಕಾಣುವ ಕಣ್ಣು, ಕಂಡದ್ದನ್ನು ಪೂರ್ತಿ ಬರೆಯುವ ಪ್ರಾಮಾಣಿಕತೆ, ಬೇಡವೆನ್ನುವ ಧೈರ್ಯ ಇವು ಮನುಷ್ಯರಿಂದಲೇ ಬರಬೇಕು. ಆ ಧೈರ್ಯಕ್ಕೆ ಶಿಕ್ಷೆಯಾಗದಂತೆ ಕಾಯುವ ಸಂಸ್ಥೆ, ಅದಕ್ಕೆ ಬೆಂಬಲ ಕೊಡುವ ನಿಯಂತ್ರಕ, ತಡವನ್ನು ಸಹಿಸುವ ಪ್ರಯಾಣಿಕ ಈ ಮೂವರೂ ಸುರಕ್ಷತೆಯಲ್ಲಿ ಪಾಲುದಾರರು.